ಕಿಟಕಿಗೊಂದು ಮೇಲ್ಮನವಿ

ನಂಬುವವರು ನಂಬಲಿ, ಬಿಡುವವರು ಬಿಡಲಿ, ಇದು ನಡೆದದ್ದೇ. ಇದರಲ್ಲಿ ಸುಳ್ಳು ಅಂತ ಇದ್ದದ್ದು ಒಂದೇ ಒಂದು ಫೋನ್ ಕರೆ. ಅದನ್ನು ಮಾಡಿದವನು ಕತ್ತರಿ.

ಕತ್ತರಿ ಎಂದರೆ ಬೀದಿ ಮೂಲೆಯ ಕ್ಷೌರದಂಗಡಿಯವನು. ಗಿರಾಕಿಯ ತಲೆ ಅರ್ಧ ಮುಗಿಯುವಷ್ಟರಲ್ಲಿ ಗಿರಾಕಿಯ ಧ್ವನಿ ಪೂರ್ತಿ ಇವನ ಗಂಟಲಿಗೆ ಇಳಿದಿರುತ್ತಿತ್ತು. ಪುರಸಭೆಯ ಯೋಜನಾಧಿಕಾರಿಯೂ ಅದೇ ಕುರ್ಚಿಯಲ್ಲಿ ಕೂರುವವರು. ಎರಡು ಸಲ ಕೆಮ್ಮಿ, "ನೋಡಿ, ವಿಷಯ ಏನಪ್ಪಾ ಅಂದ್ರೆ..." ಎಂದು ಎಳೆಯುವ ಅವರ ರಾಗವನ್ನು ಕತ್ತರಿ ತೆಗೆದರೆ ಅವರ ಹೆಂಡತಿಯೇ ಊಟಕ್ಕೆ ಕರೆದುಬಿಡಬೇಕು.

ಅಂಗಡಿಯ ಮೇಲಿನ ಕೋಣೆಯಲ್ಲಿ ರಫೂ ಅಕ್ಕ. ಇಲಿ ಕಡಿದ ಶಾಲು, ಕಿಡಿ ಬಿದ್ದ ಕೋಟು ಏನೇ ಬರಲಿ, ಅದೇ ಬಟ್ಟೆಯ ಅಂಚಿನಿಂದ ನೂಲು ಬಿಡಿಸಿ ಎಳೆ ಎಳೆಯಾಗಿ ನೇಯ್ದು, ಹರಿದದ್ದೇ ಸುಳ್ಳು ಅನ್ನಿಸುವಂತೆ ಮಾಡುವವಳು. ಆ ಕೆಲಸಕ್ಕೆ ಹಗಲು ಬೇಕು. ದೀಪದ ಕೆಳಗೆ ಕಪ್ಪೂ ಕಡುನೀಲಿಯೂ ಒಂದೇ. ಅವಳಿಗಿದ್ದದ್ದು ಒಂದು ಕಿಟಕಿ. ಅದಕ್ಕೆ ಮೂರಡಿ ಬಿಟ್ಟು ಐದಂತಸ್ತು ಕಟ್ಟಲು ಪಕ್ಕದ ಜಾಗದವರಿಗೆ ಪುರಸಭೆ ಅನುಮತಿ ಕೊಟ್ಟಿತು.

ಮೇಲ್ಮನವಿಯನ್ನು ಯಾರು ಬೇಕಾದರೂ ಸಲ್ಲಿಸಬಹುದು, ಮೂವತ್ತು ದಿನದೊಳಗೆ. ಶುಲ್ಕ ಮಾತ್ರ ಅಕ್ಕನ ನಾಲ್ಕು ತಿಂಗಳ ದುಡಿಮೆ. ಸೋತರೆ ವಾಪಸಿಲ್ಲ, ಗೆದ್ದರೂ ಇಲ್ಲ.

"ಬಾಗಿಲು ಎಲ್ಲರಿಗೂ ತೆರೆದಿದೆಯಂತೆ ಕಣೋ," ಎಂದಿದ್ದಳು ಅಕ್ಕ. "ಹೊಸಿಲು ಮಾತ್ರ ಕತ್ತಿನ ಮಟ್ಟಕ್ಕಿದೆ."

ಅಲ್ಲಿ ಇಲ್ಲಿ ಕೈಯೊಡ್ಡಿ, ಇಪ್ಪತ್ತೊಂಬತ್ತನೆಯ ದಿನಕ್ಕೆ ಹೇಗೋ ಹೊಂದಿಸಿದಳು. ಹೊಂದಿಸಿದ ಖುಷಿಯಿಲ್ಲ; ಮುಖ ಹಿಂಡಿದ ಬಟ್ಟೆಯ ಹಾಗಿತ್ತು. ಐದು ನಿಮಿಷ ನಗಿಸೋಣ ಎಂದುಕೊಂಡ ಕತ್ತರಿ ಮಧ್ಯಾಹ್ನ ಫೋನ್ ಎತ್ತಿ ಎರಡು ಸಲ ಕೆಮ್ಮಿದ.

"ನೋಡಿ, ವಿಷಯ ಏನಪ್ಪಾ ಅಂದ್ರೆ, ನಿಮ್ಮ ಶುಲ್ಕ ಮನ್ನಾ ಆಗಿದೆ."

"ಪೂರ್ತಿನಾ ಸ್ವಾಮಿ?"

"ಪೂರ್ತಿ ಕಣಮ್ಮಾ. ನಾಳೆ ಅರ್ಜಿ ಒಂದು ತನ್ನಿ, ಸಾಕು."

ಕೂಡಲೇ ಮೆಟ್ಟಿಲೇರಿ ನಿಜ ಹೇಳುವುದೆಂದು ಅವನ ಲೆಕ್ಕ. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಕೂತ. ನೊರೆ ಹಚ್ಚಿದ ಮೇಲೆ ಅರ್ಧ ಗಡ್ಡಕ್ಕೆ ಬಿಟ್ಟು ಏಳುವುದು ಕಸುಬಿಗೆ ಅವಮಾನ. ಅವನ ಹಿಂದೆ ಇನ್ನಿಬ್ಬರು. ಕೈ ಒರೆಸಿಕೊಂಡು ಮೇಲೆ ಓಡಿದರೆ ಬೀಗ.

ಸಂಜೆ ಅಕ್ಕ ಅಂಗಡಿಗೇ ಬಂದಳು. "ಮನ್ನಾ ಆಯ್ತು ಕಣೋ! ಎಲ್ಲರ ದುಡ್ಡೂ ವಾಪಸ್ ಕೊಟ್ಟುಬಂದೆ. ನರ್ಸಮ್ಮ ನನ್ನೆದುರೇ ಬಾಡಿಗೆ ಕಟ್ಟಿದ್ಲು. ಇಸ್ತ್ರಿಯವನು ಮಗಳ ಫೀಸಿಗೆ ಓಡಿದ. ಪಾಪ, ಅವರಿಗೂ ಎಷ್ಟು ಬಿಗಿ ಇತ್ತು ಅಂತ ಕೊಟ್ಟಾಗಲೇ ಗೊತ್ತಾಗಿದ್ದು."

ಊರವರ ಧ್ವನಿಯೆಲ್ಲ ಇದ್ದ ಗಂಟಲಿನಲ್ಲಿ ಕತ್ತರಿಗೆ ಅವನದೇ ಧ್ವನಿ ಸಿಗಲಿಲ್ಲ. ಅವಳು ಹೋದ ಮೇಲೆ ಗಲ್ಲಾಪೆಟ್ಟಿಗೆ ಮಗುಚಿದರೂ ಬಿದ್ದದ್ದು ಶುಲ್ಕದ ಕಾಲುಭಾಗ.

ಮೂವತ್ತನೆಯ ದಿನ, ಪುರಸಭೆ ಕೌಂಟರ್. ಗುಮಾಸ್ತ ಅರ್ಜಿ ತಿರುಗಿಸಿ ನೋಡಿದ. "ಮನ್ನಾನಾ? ಫಾರಂನಲ್ಲಿ ಹಾಗೊಂದು ಕಾಲಮ್ಮೇ ಇಲ್ವಲ್ಲಮ್ಮ."

ಸಾಹೇಬರೇ ಫೋನ್ ಮಾಡಿದ್ದರೆಂದು ಅಕ್ಕ ದನಿ ಏರಿಸಿದಳು. ಸದ್ದಿಗೆ ಅಧಿಕಾರಿಯೇ ಹೊರಬಂದರು. "ನಾನಾ? ಫೋನ್ ಮಾಡಿದ್ನಾ?"

ಅಕ್ಕನ ಹಿಂದೆಯೇ ಓಡಿಬಂದಿದ್ದ ಕತ್ತರಿ ಏದುಸಿರು ಬಿಡುತ್ತ ಹೇಳಿದ: "ಅದು ನಾನು ಅಕ್ಕ. ತಮಾಷೆಗೆ."

"ನೀನು ಸುಮ್ನಿರೋ," ಎಂದು ಅಕ್ಕ ಗದರಿದಳು. "ಇವರ ಧ್ವನಿ ನನಗೆ ಗೊತ್ತಾಗಲ್ವಾ?"

ರುಜುವಾತಿಗೆ ಬೇರೆ ದಾರಿಯಿರಲಿಲ್ಲ. ಕತ್ತರಿ ತಲೆ ತಗ್ಗಿಸಿ ಎರಡು ಸಲ ಕೆಮ್ಮಿದ. "ನೋಡಿ, ವಿಷಯ ಏನಪ್ಪಾ ಅಂದ್ರೆ..."

ಸಾಲಿನಲ್ಲಿದ್ದವರು ಗೊಳ್ಳೆಂದರು. ಗುಮಾಸ್ತ ಮುಖಕ್ಕೆ ಫೈಲು ಅಡ್ಡ ಹಿಡಿದ. "ಥೇಟ್ ನಾನೇ!" ಎಂದು ಅಧಿಕಾರಿಯೂ ನಕ್ಕರು.

ಅಕ್ಕ ಮಾತ್ರ ನಗಲಿಲ್ಲ. ಅಧಿಕಾರಿಯ ಕಡೆ ತಿರುಗಿದಳು. "ಗಂಟಲು ನಿಮ್ಮದೇ ಅಲ್ವಾ ಸ್ವಾಮಿ? ಆ ಮಾತು ನೀವೇ ಒಂದ್ಸಲ ಹೇಳಿಬಿಡಿ."

ಅಧಿಕಾರಿ ಎರಡು ಸಲ ಕೆಮ್ಮಿದರು. "ನೋಡಿ, ವಿಷಯ ಏನಪ್ಪಾ ಅಂದ್ರೆ, ನಿಯಮದಲ್ಲಿ ಅವಕಾಶ ಇಲ್ಲ. ಇವತ್ತೇ ಕೊನೇ ದಿನ, ಒಂದು ಗಂಟೆಗೆ ಕೌಂಟರ್ ಮುಚ್ಚುತ್ತೆ."

ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಅಕ್ಕ ಅರ್ಜಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿದಳು.

"ಕತ್ತರಿ, ಇವರಿಗಿಂತ ನೀನೇ ಒಳ್ಳೇ ಅಧಿಕಾರಿ ಕಣೋ. ಇನ್ನೊಂದ್ಸಲ ಹೇಳು, ಪೂರ್ತಿ ಮನ್ನಾ ಅಂತ."

"ಬೇಡ ಅಕ್ಕ."

"ಹೇಳೋ!"

ಅವನು ಹೇಳಿದ. ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ. ನಕ್ಕದ್ದು ಅಕ್ಕ. ಕೌಂಟರಿನ ಗಾಜು ಅದುರುವಷ್ಟು ಜೋರಾಗಿ, ಗುಮಾಸ್ತ ಕಿಟಕಿ ಎಳೆದು ಮುಚ್ಚುವವರೆಗೂ.