ಖಂಡೇ ಪೂಜೆಯ ದಿನ ನೆನೆದ ಟ್ರಾನ್ಸ್‌ಫಾರ್ಮರ್

ಶಿಗ್ಗಾಂವಿಯ ನಮ್ಮ ಅಂಗಡಿಯ ಬೋರ್ಡಿನ ಮೇಲೆ ‘ಕುಬೇರಪ್ಪ ರೇಡಿಯೋ ರಿಪೇರಿ’ ಎಂದು ಬರೆದಿತ್ತು. ಕುಬೇರಪ್ಪ ನನ್ನ ಗಂಡ. ಸುಟ್ಟ ಟ್ರಾನ್ಸ್‌ಫಾರ್ಮರುಗಳ ತಂತಿ ಬಿಚ್ಚಿ, ಸುತ್ತು ಎಣಿಸಿ, ಹೊಸ ತಂತಿ ಸುತ್ತುತ್ತಿದ್ದವಳು ಮಾತ್ರ ಒಳಕೋಣೆಯ ಸಿದ್ದವ್ವ, ಅಂದರೆ ನಾನು. ಹೆಂಗಸು ಸುತ್ತಿದ್ದೆಂದು ತಿಳಿದರೆ ಗಿರಾಕಿ ಬರುವುದಿಲ್ಲ ಎಂಬುದು ನಮ್ಮವರ ಸಿದ್ಧಾಂತ. ಹನ್ನೊಂದು ವರ್ಷ ಸುಮ್ಮನಿದ್ದೆ. ಸಿಟ್ಟು ಮಾತ್ರ ಒಂದು ದಿನವೂ ಆರಿರಲಿಲ್ಲ.

ಎಪ್ಪತ್ತೆಂಟರ ಹೊತ್ತಿಗೆ ಎಲ್ಲರೂ ಟ್ರಾನ್ಸಿಸ್ಟರ್ ಕೊಂಡು ಹಳೇ ವಾಲ್ವ್ ರೇಡಿಯೋಗಳನ್ನು ಅಟ್ಟಕ್ಕೆ ಹಾಕಿದ್ದರು. ಸವಣೂರಿನ ಕುತುಬುದ್ದೀನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಅವನಿಗೊಂದು ಆಂಪ್ಲಿಫೈಯರ್ ಬೇಕಾಯಿತು. ಯಲವಿಗಿಯಿಂದ ತಂದ ದೊಡ್ಡ ರೇಡಿಯೋದೊಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ನಾನೇ ಆರಿಸಿಕೊಟ್ಟೆ. ವಾಲ್ವಿನ ಜೋರನ್ನು ಸ್ಪೀಕರಿಗೆ ಹದವಾಗಿ ದಾಟಿಸುವುದು ಅದರ ಕೆಲಸ. ಅಂಥ ತಾಮ್ರ, ಅಂಥ ಕಬ್ಬಿಣ ಆಗಲೇ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ನಾವು ಕಟ್ಟುತ್ತಿದ್ದ ಆಂಪ್ಲಿಫೈಯರಿನ ಡಬ್ಬಿ ಇನ್ನೂ ಅರ್ಧ ಆಗಿರುವಾಗಲೇ ನಮ್ಮವರು ಹಾನಗಲ್ಲಿನ ತನಕ ಅದರ ಗುಣಗಾನ ಮಾಡಿ ಬಂದಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ.

ಮಹಾನವಮಿಯ ದಿನ ಸಂಜೆ ಶಾಲೆಯ ಬಯಲಿನಲ್ಲಿ ಕಾರ್ಯಕ್ರಮವಿತ್ತು. ಬೆಳಿಗ್ಗೆ ನಮ್ಮವರು ಮೀಟರ್, ಸ್ಕ್ರೂಡ್ರೈವರ್, ಬೆಸುಗೆಯ ಸಾಮಾನು ಎಲ್ಲ ಸಾಲಾಗಿ ಇಟ್ಟು ಖಂಡೇ ಪೂಜೆ ಮಾಡಿದರು. ಭಕ್ತಿ ಉಕ್ಕಿ, ಮುಚ್ಚಳ ಹಾಕದ ಆಂಪ್ಲಿಫೈಯರಿನ ಮೇಲೆಯೇ ಕಾಯಿ ಒಡೆದರು. ಎಳನೀರಿನಂಥ ಕಾಯಿ, ಅರ್ಧ ತಂಬಿಗೆ ನೀರು ಟ್ರಾನ್ಸ್‌ಫಾರ್ಮರಿನೊಳಗೆ ಇಳಿಯಿತು. ಹಾಗೆಯೇ ಕರೆಂಟು ಕೊಟ್ಟರೆ ಸುರುಳಿ ಸುಟ್ಟು ಹೋಗುತ್ತದೆ. ಬಿಚ್ಚೋಣವೆಂದರೆ ಪೂಜೆಗಿಟ್ಟ ಸಾಮಾನು ಮರುದಿನದವರೆಗೆ ಮುಟ್ಟುವಂತಿಲ್ಲ. ಡಬ್ಬಿ ಕುತುಬುದ್ದೀನನದು, ಅದನ್ನು ಎತ್ತಬಹುದು. ಆದರೆ ಎತ್ತಿ ಮಾಡುವುದೇನು? ಡಬ್ಬಿ ಒಯ್ಯಲು ಬಂದ ಕುತುಬುದ್ದೀನನೂ ನಮ್ಮವರೂ ತಲೆಯ ಮೇಲೆ ಕೈಹೊತ್ತು ಕೂತರು.

“ನನ್ನ ಒಲಿಗೆ, ಹಂಚಿಗೆ, ಚಾಕುಗೆ ಯಾರೂ ಕುಂಕುಮ ಹಚ್ಚಿಲ್ಲ. ನಾ ಮಾಡ್ತೇನಿ,” ಎಂದೆ.

“ಕೆಟ್ರ ನಿನ್ನ ಹೆಸರಿಗೆ,” ಎಂದರು ನಮ್ಮವರು.

“ಆತ್ರಿ. ನುಡದ್ರೂ ನನ್ನ ಹೆಸರಿಗೇ.”

ಚಾಕುವಿನ ತುದಿಯಿಂದ ಸ್ಕ್ರೂ ತೆಗೆದೆ. ಹಳೇ ತಾಮ್ರದ ಚಮಚದ ಹಿಡಿಕೆಯನ್ನು ಕೆಂಡದಲ್ಲಿ ಕಾಯಿಸಿ ಬೆಸುಗೆ ಬಿಡಿಸಿದೆ. ನೀರು ಸುರುಳಿಗೆ ಸುತ್ತಿದ ಹೊರಗಿನ ಎರಡು ಕಾಗದಗಳನ್ನು ನೆನೆಸಿ ಒಳಗೂ ಸ್ವಲ್ಪ ಜಿನುಗಿತ್ತು. ಕಾಗದ ಸುಲಿದು, ಸ್ಪಿರಿಟ್ಟಿನಿಂದ ಅಂಟು ಒರೆಸಿ, ಸುರುಳಿಯನ್ನು ಹಂಚಿನಲ್ಲಿ ಶೇಂಗಾ ಹುರಿಯುವ ಬಿಸಿ ಮರಳಿನ ಮೇಲಿಟ್ಟೆ. ಉರಿ ಹೆಚ್ಚಾದರೆ ತಂತಿಯ ಅರಗು ಕರಗುತ್ತದೆ. ಕೆಂಡ ಮಾತ್ರ ಸಾಕು. ಮಧ್ಯಾಹ್ನ ಕಳೆದ ಮೇಲೆ ಮೇಣದ ಬತ್ತಿ ಕರಗಿಸಿ ಅದರಲ್ಲಿ ಮುಳುಗಿಸಿದೆ. ಸಣ್ಣ ಗುಳ್ಳೆಗಳೆದ್ದವು. ಗುಳ್ಳೆ ಏಳುತ್ತಿದ್ದರೆ ಒಳಗೆ ತೇವವಿದೆ ಎಂದೇ ಅರ್ಥ, ಮೀಟರಿನ ಹಂಗಿಲ್ಲ.

ನಾಲ್ಕು ಗಂಟೆಯಾಯಿತು. ಸಾಕು, ತೆಗೆ ಎಂದು ನಮ್ಮವರು ಹಟ ಹಿಡಿದರು. ಕುತುಬುದ್ದೀನನೂ ಬಾಗಿಲಲ್ಲಿ ನಿಂತು ಗಡಿಯಾರ ನೋಡತೊಡಗಿದ. ನಾನೂ ಎರಡು ಸಲ ಗಡಿಯಾರದ ಕಡೆ ನೋಡಿದೆ, ಸುಳ್ಳೇಕೆ ಹೇಳಲಿ. ಆದರೂ ಕೊನೆಯ ಗುಳ್ಳೆ ನಿಲ್ಲುವವರೆಗೆ ಯಾರಿಗೂ ಮುಟ್ಟಗೊಡಲಿಲ್ಲ. ಆಮೇಲೆ ತೆಗೆದು, ಆರಿಸಿ, ಹೊಸ ಕಾಗದ ಸುತ್ತಿ, ಮತ್ತೆ ಬೆಸೆದು ಕೊಟ್ಟೆ.

ಬಯಲಿನಲ್ಲಿ ಇನ್ನೂ ಬೆಳಕಿತ್ತು. ಕುತುಬುದ್ದೀನ ಮೊದಲ ತಂತಿ ಮೀಟಿದ. ಆ ಸ್ವರ ತುಂಬಿಕೊಂಡು ಹೊರಟಿತು. ಕಂಪೌಂಡಿನ ಆಚೆ ನಿಂತ ಬಸ್ಸಿನವರೂ ಇಣುಕಿ ನೋಡಿದರು. ಒಂದು ತಾಸು ನುಡಿಸಿದರೂ ಟ್ರಾನ್ಸ್‌ಫಾರ್ಮರ್ ಬೆಚ್ಚಗಷ್ಟೇ ಆಗಿತ್ತು.

ಆರ್ಕೆಸ್ಟ್ರಾದ ಮಾಲೀಕ, ಹಿರೇಕೆರೂರಿನ ಹೊಳಬಸಪ್ಪ, ವೇದಿಕೆಯ ಹಿಂದೆ ಬಂದು ನಮ್ಮವರ ಕೈ ಹಿಡಿದು ಹೊಗಳಿದರು. ಇಂಥವೇ ಇನ್ನೆರಡು ಬೇಕೆಂದರು. ನಮ್ಮವರು ರೂಢಿಯಂತೆ ಟೊಪ್ಪಿಗೆ ಸರಿಮಾಡಿಕೊಂಡು ನಕ್ಕರು. ನಾನು ಕಾದೆ. ನಮ್ಮವರು ನನ್ನ ಹೆಸರು ಎತ್ತಲಿಲ್ಲ.

“ಇದನ್ನ ಮಾಡಿದಾಕಿ ನಾನ್ರಿ,” ಎಂದೆ.

ಹೊಳಬಸಪ್ಪ ನನ್ನ ಮುಖ ನೋಡಿ, ನಿಜವೇ ಎಂಬಂತೆ ನಮ್ಮವರ ಕಡೆ ತಿರುಗಿದರು. ಅಲ್ಲವೆಂದರೆ ಅಲ್ಲೇ ನಾಲ್ಕು ಮಂದಿಯ ಮುಂದೆ ಜಾಡಿಸಲು ಮಾತು ಜೋಡಿಸಿಕೊಂಡಿದ್ದೆ. ನಮ್ಮವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು.

“ಹೌದ್ರಿ,” ಎಂದರು. “ಇದೊಂದ ಅಲ್ರಿ. ಹನ್ನೊಂದು ವರ್ಷದಿಂದ ಎಲ್ಲಾ ಆಕೀನ ಸುತ್ತಾಕತ್ತಾಳ.”

ನಾನು ಹೆಸರು ಕೇಳಿದ್ದು ಆ ಒಂದು ದಿನದ ಕೆಲಸಕ್ಕೆ ಮಾತ್ರ. ಜೋಡಿಸಿಟ್ಟ ಬೈಗುಳ ಒಂದೂ ನೆನಪಿಗೆ ಬರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡೆ.