ಕಾಲಿನಿಂದ ನುಡಿಸಿದ ಮಂದ್ರ

ಹೆಂಡತಿ ಶಾರದಾಬಾಯಿ ತೀರಿಕೊಂಡ ಮೇಲೆ ಹಣಮಂತರಾಯರು ಮಾತು ಕಡಿಮೆ ಮಾಡಿ, ತೆಲುಗು ನಾಡಿನ ಉಪ್ಪಲ್‌ನ ಮನೆಯಲ್ಲಿ ಕೀಬೋರ್ಡ್ ಮುಂದೆ ಕೂರತೊಡಗಿದರು. ರಾಯಚೂರಿನಿಂದ ಬಂದು ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. ಪ್ರಾಯದಲ್ಲಿ ಅದೇ ಕಾರ್ಖಾನೆಯ ಗೆಳೆಯ ರಾಮದಾಸರ ಜೊತೆ ರಾಕ್ ತಂಡ ಕಟ್ಟಿದ್ದರು. ಇವರದು ಕೀಬೋರ್ಡ್, ಅವರದು ಡ್ರಮ್ಸ್. ಇಬ್ಬರಿಗೂ ಹುಚ್ಚು ಹಿಡಿಸಿದ್ದು ಪ್ರೊಗ್ರೆಸಿವ್ ರಾಕ್: ಒಂದು ಹಾಡು ಇನ್ನೊಂದರೊಳಗೆ ಹರಿದು, ನಡುನಡುವೆ ಲಯ ಬದಲಿಸಿ, ಇಡೀ ಆಲ್ಬಮ್ ಒಂದೇ ಕಥೆ ಹೇಳುವ ಸಂಗೀತ.

ಅರವತ್ತೆಂಟನೇ ವಯಸ್ಸಿನಲ್ಲಿ ಅಂಥದ್ದೊಂದನ್ನು ಅವರು ಕನ್ನಡದಲ್ಲಿ ರಚಿಸಿದರು. ಹೆಸರು ‘ಎರಡನೇ ಪಾಳಿ’. ಮುಪ್ಪೆಂಬ ಪಾಳಿಗೆ ಒಬ್ಬಂಟಿಯಾಗಿ ಹಾಜರಾದ ಮನುಷ್ಯನ ಕಥೆ. ಮೊಣಕಾಲು ನೋವು, ಪಕ್ಕದ ಖಾಲಿ ಹಾಸಿಗೆ, ಹೆಂಡತಿ ಹೋದ ಮೇಲೆ ಮೊದಲ ಸಲ ನಗು ಬಂದಾಗಿನ ನಾಚಿಕೆ, ಎಲ್ಲ ಅದರಲ್ಲಿತ್ತು. ಹಾಡುವವಳು ಮಗಳು ಕಾವ್ಯಾ, ಗಿಟಾರ್ ಅಳಿಯ ವೈಭವನದು, ಡ್ರಮ್ಸ್ ಮತ್ತೆ ರಾಮದಾಸರದೇ. ಅದೇ ಊರಿನ ಹಿಮಾಯತ್‌ನಗರದ ಸಭಾಂಗಣವೊಂದರಲ್ಲಿ ಜನರ ಮುಂದೆ ನುಡಿಸಿ, ಅಲ್ಲೇ ಧ್ವನಿಮುದ್ರಿಸುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಮಾತು ಮರಳಿತು, ನಡಿಗೆ ಮರಳಿತು. ಎಡಗೈ ಬೆರಳುಗಳು ಮಾತ್ರ ಏಳಲಿಲ್ಲ. ಮಂದ್ರದ ಸ್ವರಗಳೆಲ್ಲ ಆ ಕೈಯವೇ.

“ಅಪ್ಪಾ, ಕಾರ್ಯಕ್ರಮ ಮುಂದಕ್ಕ ಹಾಕೋಣು,” ಎಂದಳು ಕಾವ್ಯಾ.

“ಮುಂದಕ್ಕ ಹಾಕಿದ್ರ ಇನ್ನಷ್ಟು ಮುದುಕ ಆಗತೀನಿ, ಅಷ್ಟ.”

“ಎಡಗೈ ಭಾಗ ಕಂಪ್ಯೂಟರಿನಾಗ ಹಾಕಿಡತೀನ್ರಿ ಮಾವಾರ,” ಎಂದ ವೈಭವ. “ಯಾರಿಗೂ ಗೊತ್ತಾಗಂಗಿಲ್ಲ.”

“ಇದು ಮುಪ್ಪಿನ ಹಾಡಪ್ಪಾ. ಇದರಾಗ ಮುಪ್ಪು ಮುಚ್ಚಿಟ್ಟರ ಉಳಿಯೋದೇನು?”

ಪಕ್ಕದಲ್ಲಿ ಕುಳಿತಿದ್ದ ರಾಮದಾಸರು ಗೆಳೆಯನ ಪಾದ ನೋಡಿದರು. “ಹಣಮಂತು, ಬಲಗಾಲಿಗೆ ಏನೂ ಆಗಿಲ್ಲಲ್ಲ. ಕಾಲಿಲೆ ಬಾರಸು.”

ಇಬ್ಬರೂ ಕೂಡಿ ಮರದ ಪಟ್ಟಿಗಳಿಗೆ ಸ್ವಿಚ್ಚು, ತಂತಿ ಜೋಡಿಸಿ, ತುಳಿದರೆ ಮಂದ್ರ ಹೊರಡುವ ಮಣೆಯೊಂದನ್ನು ಮಾಡಿದರು. ಕಲಿಯುವುದು ಸುಲಭವಿರಲಿಲ್ಲ. ಕಾಲು ನೆಟ್ಟಗಾದರೆ ಕೈ ತಪ್ಪುತ್ತಿತ್ತು. ಒಮ್ಮೆ ಸಿಟ್ಟಿಗೆದ್ದು ಮಣೆಯನ್ನು ಮಂಚದ ಕೆಳಗೆ ನೂಕಿದರು. ಮರುದಿನ ತಾವೇ ಬಗ್ಗಿ, ಏದುಸಿರು ಬಿಡುತ್ತ, ಎಳೆದುಕೊಂಡರು.

ಆ ಸಂಜೆ ಸಭಾಂಗಣದಲ್ಲಿ ಕನ್ನಡದವರಿಗಿಂತ ತೆಲುಗಿನವರೇ ಹೆಚ್ಚಿದ್ದರು. ಮೊದಲ ಭಾಗಗಳು ಸರಾಗವಾಗಿ ಹೋದವು. ಖಾಲಿ ಹಾಸಿಗೆಯ ಹಾಡಿಗೆ ಬಂದಾಗ ಹಣಮಂತರಾಯರ ಪಾದ ಜಾರಿತು. ಮಂದ್ರ ಕಡಿದುಹೋಯಿತು. ಕಾವ್ಯಾ ಹಾಡು ನಿಲ್ಲಿಸಿದಳು, ಗಿಟಾರ್ ನಿಂತಿತು. ಯಾರೋ ಕೆಮ್ಮಿದರು.

ಹಣಮಂತರಾಯರು ಬಗ್ಗಿ ಬೂಟು ಬಿಚ್ಚಿದರು, ಕಾಲುಚೀಲವನ್ನೂ ತೆಗೆದರು. ಮೈಕಿನಲ್ಲಿ ಶಾಂತವಾಗಿ, “ಕಾಲು ಜಾರಿತ್ರಿ. ಮತ್ತ ಹಿಡೀತೀನಿ,” ಎಂದರು. ಅದನ್ನೇ ತೆಲುಗಿನಲ್ಲೂ ಹೇಳಿದರು. ಬರಿಗಾಲು ಪಟ್ಟಿಯ ಮೇಲೆ ಊರಿತು.

ಈಗ ನಾದ ನೆಲದೊಳಗಿಂದ ಎದ್ದು ಬಂದಂತೆ ಬಂತು. ಅದರ ಮೇಲೆ ಮಗಳ ದನಿ ಏರಿತು, ತಾಯಿಯನ್ನು ನೆನೆದು ನಡುಗಿದರೂ ಮುರಿಯಲಿಲ್ಲ. ರಾಮದಾಸರು ಲಯ ಬದಲಿಸಿದರು, ಮುದುಕ ನಗುವ ಕೊನೆಯ ಭಾಗ ಶುರುವಾಯಿತು. ಹಣಮಂತರಾಯರ ಬಲಗೈ ಕೀಬೋರ್ಡ್ ಮೇಲೆ ಓಡುತ್ತಿತ್ತು, ಕಾಲು ತುಳಿಯುತ್ತಿತ್ತು, ಸತ್ತಂತಿದ್ದ ಎಡಗೈ ಅಲುಗುವ ತೊಡೆಯ ಮೇಲೆ ತಾನೂ ಕುಣಿಯುತ್ತಿತ್ತು. ಕಣ್ಣೀರು ಇಳಿಯುತ್ತಿದ್ದರೂ ಅವರು ನಿಜಕ್ಕೂ ನಗುತ್ತಿದ್ದರು, ನಾಚಿಕೆಯಿಲ್ಲದೆ.

ಕೊನೆಯ ಸ್ವರ ಅಡಗಿದಾಗ ಸಭೆಯೇ ಎದ್ದು ನಿಂತಿತು. ಹಿಂದಿನ ಸಾಲಿನಿಂದ ಯಾರೋ, “ಇಂಕೋಸಾರಿ,” ಎಂದು ಕೂಗಿದರು. ಮತ್ತೊಮ್ಮೆ, ಮತ್ತೊಮ್ಮೆ ಎಂದು ಎಲ್ಲರೂ ದನಿಗೂಡಿಸಿದರು.

“ಬ್ಯಾರೆ ಹಾಡು ಇಲ್ಲಲ್ಲಪ್ಪಾ,” ಎಂದು ಕಾವ್ಯಾ ಪಿಸುಗುಟ್ಟಿದಳು.

ರಾಮದಾಸರು ಬೆವರೊರೆಸಿಕೊಂಡು ಕೋಲುಗಳನ್ನೆತ್ತಿದರು. “ಏನ್ ಮಾಡೋಣು?”

“ಏನೈತಿ ಮಾಡಾಕ?” ಎಂದರು ಹಣಮಂತರಾಯರು. “ಮೊದಲಿಂದ ಬಾರಸೋಣು.”