ಹೆಗಲ ಮೇಲೆ ಬಡಿದ ಗಡಿಯಾರ

ಪರದೆಯ ಮೇಲೆ ಹಳದಿ ಗೆರೆಗಳು ಸಾಲುಸಾಲಾಗಿ ಇಳಿಯುತ್ತಿದ್ದವು. ಒಂದೊಂದು ಗೆರೆಯೂ ಲೋಕದ ಯಾವುದೋ ಮೂಲೆಯಲ್ಲಿ ಕೂತ ಹ್ಯಾಮ್ ಒಬ್ಬ, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವವನೊಬ್ಬ, ಕಳಿಸಿದ ಸಂದೇಶ. ಅದು ಪಕ್ಕದ ಚೌಕದಲ್ಲಿ ಅಕ್ಷರವಾಗಿ ಮೂಡಬೇಕು. ಬೆಳಿಗ್ಗೆಯಿಂದ ಒಂದೇ ಒಂದು ಅಕ್ಷರ ಮೂಡಿರಲಿಲ್ಲ. ಆ ಲ್ಯಾಪ್‌ಟಾಪನ್ನು ಎತ್ತಿ ಹೊರಗಿನ ಹಿಮದ ರಾಶಿಗೆ ಎಸೆದುಬಿಡಬೇಕು ಅನ್ನಿಸಿತ್ತು ಐಲಾ ಕರ್ವೊನೆನ್‌ಗೆ.

ಅನ್ನಿಸದೆ ಏನು? ದಕ್ಷಿಣ ಸಾಗರದ ತುದಿಯಲ್ಲೊಂದು ಹಿಮದ್ವೀಪವಿದೆ. ಪೆಂಗ್ವಿನ್‌ಗಳ ಹೊರತು ಅಲ್ಲಿ ನರಪಿಳ್ಳೆಯೂ ಇಲ್ಲ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಕೆಲವು ಹುಚ್ಚು ಹ್ಯಾಮ್‌ಗಳು ಹಡಗು ಮಾಡಿಕೊಂಡು ಹೋಗಿ, ಡೇರೆ ಹಾಕಿ, ರೇಡಿಯೋದಲ್ಲಿ ಜಗತ್ತನ್ನೆಲ್ಲ ಮಾತಾಡಿಸಿ ಬರುತ್ತಾರೆ. ಐಲಾ ಭೂಮಿಯ ಮೇಲಿನ ಎಲ್ಲ ನಾಡುಗಳ ಜೊತೆ ಮಾತಾಡಿಯಾಗಿತ್ತು, ಅದೊಂದನ್ನು ಬಿಟ್ಟು. ಹಿಂದಿನ ಸಲ ಅವರು ಹೋದಾಗ ಅವಳಿಗಿನ್ನೂ ಕಿವಿ ಕೇಳುತ್ತಿತ್ತು. ಗಿಡ್ಡ-ಉದ್ದ ಬಡಿತಗಳ ಮೋರ್ಸ್ ಸಂಕೇತದಲ್ಲಿ ಕರೆದೂ ಕರೆದೂ ಕೈ ಸೋತಿತೇ ಹೊರತು ಉತ್ತರ ಬರಲಿಲ್ಲ. ಈ ಸಲ ಸಮುದ್ರ ಕೆರಳುತ್ತಿದೆಯೆಂದು ಅವರು ನಾಳೆ ಬೆಳಿಗ್ಗೆಯೇ ಡೇರೆ ಕೀಳುವವರಿದ್ದರು. ಐಲಾಗೆ ಎಪ್ಪತ್ತು ದಾಟಿತ್ತು. ಇನ್ನೊಂದು ಸಲ ಕಾಯುವ ಮಾತೇ ಇರಲಿಲ್ಲ.

ಕಿವಿ ಹೋಯಿತೆಂದು ಅವಳೇನೂ ರೇಡಿಯೋ ಮುಚ್ಚಿಟ್ಟಿರಲಿಲ್ಲ. ಎದುರು ಕೂತವರ ಮಾತನ್ನು ತುಟಿ ನೋಡಿ ಹಿಡಿದಳು, ದೂರದವರ ಮಾತಿಗೆ ಡಿಜಿಟಲ್ ವಿಧಾನ ಹಿಡಿದಳು. ಎಫ್‌ಟಿ-ಎಂಟು ಎಂಬ ಆ ವಿಧಾನದಲ್ಲಿ ಕಾಲು ನಿಮಿಷ ಒಬ್ಬರ ಸರದಿ, ಮುಂದಿನ ಕಾಲು ನಿಮಿಷ ಇನ್ನೊಬ್ಬರದು. ಎಷ್ಟೇ ಗದ್ದಲವಿರಲಿ, ಅದರೊಳಗಿಂದ ಕಂಪ್ಯೂಟರ್ ಸಂದೇಶವನ್ನು ಹೆಕ್ಕಿ ಬರೆದು ತೋರಿಸುತ್ತದೆ. ಆದರೆ ಮೊನ್ನೆಯ ಹಿಮಗಾಳಿಗೆ ಅವಳಿದ್ದ ಕೀವಿನಾ ಸೀಮೆಯ ಆ ಕಡೆಯ ತಂತಿಗಳೆಲ್ಲ ಹರಿದುಬಿದ್ದು ಕರೆಂಟೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ದೊಡ್ಡ ಕಂಪ್ಯೂಟರ್ ಸತ್ತು ಕೂತಿತ್ತು. ಬೀರುವಿನ ತಳದಿಂದ ಹಳೇ ಲ್ಯಾಪ್‌ಟಾಪ್ ತೆಗೆದು, ಎಲ್ಲವನ್ನೂ ಬ್ಯಾಟರಿಗೆ ಹೂಡಿ ಕೂತಿದ್ದಳು. ಆಂಟೆನಾದ ಮೇಲಿನ ಹಿಮ ಬಡಿದು ಬಂದಳು, ತಂತಿ ಬದಲಿಸಿದಳು, ಮತ್ತೆ ಹಿಮಕ್ಕೆ ಹೋಗಿ ಬಂದಳು. ಏನೂ ಪ್ರಯೋಜನವಾಗಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಡೆಲ್ ಟ್ರೆಬಿಲ್‌ಕಾಕ್ ಇನ್ನೊಂದು ಬ್ಯಾಟರಿ ಹೊತ್ತುಕೊಂಡು ಬಂದ. ಜೊತೆಗೆ ಟವೆಲಿನಲ್ಲಿ ಸುತ್ತಿದ ಎರಡು ಬಿಸಿ ಪ್ಯಾಸ್ಟಿ, ಮಾಂಸ ತುಂಬಿ ಬೇಯಿಸಿದ ಕಡುಬಿನಂಥವು. ಊರಿನ ಹ್ಯಾಮ್ ಕ್ಲಬ್ಬಿನಲ್ಲಿ ಐಲಾಗೆ ಅವನಷ್ಟು ಹಳೇ ಗೆಳೆಯ ಇನ್ನೊಬ್ಬನಿರಲಿಲ್ಲ, ಅವನಷ್ಟು ತಲೆ ತಿನ್ನುವವನೂ ಇರಲಿಲ್ಲ. ಡೆಲ್ ಶುದ್ಧ ಮೋರ್ಸ್ ಆಸಾಮಿ. ಹಿಂದಿನ ಸಲ ಆ ದ್ವೀಪ ಸಿಕ್ಕಿದ್ದು ಅವನಿಗೇ. ಮಾತಾಡಿದ್ದಕ್ಕೆ ಗುರುತಾಗಿ ಅವರು ಕಳಿಸಿದ ಕಾರ್ಡನ್ನು ಬಂದವರೆಲ್ಲರ ಕಣ್ಣಿಗೆ ಬೀಳುವ ಹಾಗೆ ತನ್ನ ಮನೆಯ ಒಲೆಯ ಮೇಲುಗಡೆಯೇ ತೂಗುಹಾಕಿದ್ದ.

ಐಲಾ ಪ್ಯಾಸ್ಟಿಯ ಮೇಲೆ ಕೆಚಪ್ ಸುರಿಯುವುದನ್ನು ಕಂಡು ಮೊದಲು ಅದಕ್ಕೆ ಮುಖ ಸಿಂಡರಿಸಿದ. ಆಮೇಲೆ ಪರದೆಯ ಕಡೆ ಕೈ ತೋರಿಸಿದ.

"ನಿನ್ನ ಕಂಪ್ಯೂಟರ್ ಇನ್ನೊಂದು ಕಂಪ್ಯೂಟರ್ ಜೊತೆ ಹರಟೆ ಹೊಡೀತಿರತ್ತೆ, ನೀನು ಕಾಫಿ ಕುಡೀತಾ ಕೂತಿರ್ತೀಯ. ಇವತ್ತು ಅದೂ ಮುನಿಸ್ಕೊಂಡಂಗಿದೆ ಕಣೇ."

ತಿರುಗಿ ಬಯ್ಯಬೇಕೆಂದು ಬಾಯಿ ತೆರೆದ ಐಲಾ ಹಾಗೇ ನಿಂತಳು. ಅವಳ ಕಣ್ಣು ಗೆರೆಗಳ ನಡುವಿನ ಖಾಲಿ ಪಟ್ಟಿಯ ಮೇಲೆ ಬಿದ್ದಿತ್ತು. ಒಬ್ಬರ ಸರದಿ ಮುಗಿದು ಇನ್ನೊಬ್ಬರದು ಶುರುವಾಗುವ ಮುಂಚೆ ಎಲ್ಲರೂ ಎರಡು ಕ್ಷಣ ಸುಮ್ಮನಾಗುತ್ತಾರೆ. ಪ್ರತಿ ಸರದಿಯ ಆರಂಭಕ್ಕೆ ಕಂಪ್ಯೂಟರ್ ಪರದೆಯ ಮೇಲೆ ಎಳೆಯುವ ಅಡ್ಡಗೆರೆ ಆ ಖಾಲಿ ಜಾಗದಲ್ಲೇ ಬೀಳಬೇಕು. ಇಲ್ಲಿ ಅದು ಸಂದೇಶಗಳ ಹೊಟ್ಟೆಯನ್ನೇ ಸೀಳಿಕೊಂಡು ಹೋಗುತ್ತಿತ್ತು.

ಗಡಿಯಾರ! ಐಲಾಗೆ ತನ್ನ ತಲೆಗೆ ತಾನೇ ಮೊಟಕಿಕೊಳ್ಳುವಷ್ಟು ನಾಚಿಕೆಯಾಯಿತು, ಅದರ ಬೆನ್ನಿಗೇ ಕುಣಿಯುವಷ್ಟು ಸಂತೋಷ. ದೊಡ್ಡ ಕಂಪ್ಯೂಟರಿನ ಗಡಿಯಾರವನ್ನು ದಿನವೂ ಇಂಟರ್‌ನೆಟ್ಟೇ ತಿದ್ದುತ್ತಿದ್ದುದರಿಂದ ಅದರ ನೆನಪೇ ಅವಳಿಗಿರಲಿಲ್ಲ. ಬೀರುವಿನಲ್ಲಿ ಮಲಗಿದ್ದ ಈ ಮುದಿ ಯಂತ್ರ ಯಾವ ಹೊತ್ತಿನಲ್ಲಿತ್ತೋ! ಕಂಪ್ಯೂಟರ್ ಎಲ್ಲರ ಮಾತಿಗೂ ಅರ್ಧದಿಂದ ಕಿವಿಗೊಡುತ್ತಿತ್ತು. ಆಂಟೆನಾ ಪಾಪ ಏನೂ ತಪ್ಪು ಮಾಡಿರಲಿಲ್ಲ.

ತಿದ್ದುವುದಕ್ಕೆ ಸರಿಯಾದ ಹೊತ್ತು ಬೇಕಲ್ಲ? ಐಲಾಳ ಮೊಬೈಲು ಹೋದ ವಾರ ಮೀನು ಹಿಡಿಯಲು ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಬಿದ್ದು ಸರೋವರದ ಪಾಲಾಗಿತ್ತು. ಡೆಲ್ ಮೊಬೈಲು ಇಟ್ಟವನೇ ಅಲ್ಲ. ಅವನ ಕೈಗಡಿಯಾರ ಅವನ ಹಾಗೇ ತನ್ನದೇ ಲೆಕ್ಕದಲ್ಲಿ ನಡೆಯುತ್ತಿತ್ತು. ಗೆರೆಗಳನ್ನೇ ನೋಡಿ ಅಂದಾಜಿನಲ್ಲಿ ತಿದ್ದೋಣವೆಂದರೆ ಆ ಪರದೆಯ ಚಿತ್ರ ತಡವರಿಸಿಕೊಂಡು ಇಳಿಯುತ್ತಿತ್ತು. ಎರಡು ಸಲ ಪ್ರಯತ್ನಿಸಿದಳು, ಎರಡೂ ಸಲ ಚೌಕ ಖಾಲಿ. ಕಿಟಕಿಯಾಚೆ ಸೂರ್ಯ ಮರಗಳ ತಲೆಗೆ ಇಳಿದಿದ್ದ. ಅವನು ಮುಳುಗಿದ ಸ್ವಲ್ಪ ಹೊತ್ತಿಗೆ ಈ ರೇಡಿಯೋ ಅಲೆ ಆ ದ್ವೀಪವನ್ನು ಮುಟ್ಟುವ ದಾರಿಯೂ ಮುಚ್ಚುವುದಿತ್ತು.

ಕೊಲೊರಾಡೊದಿಂದ ಹಗಲೂ ರಾತ್ರಿ ಹೊತ್ತು ಸಾರುವ ರೇಡಿಯೋ ಕೇಂದ್ರವೊಂದಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಪ್ರತಿ ಸೆಕೆಂಡಿಗೂ ಒಂದು ಟಿಕ್, ನಿಮಿಷ ಹುಟ್ಟಿದಾಗ ಒಂದು ಉದ್ದನೆಯ ಸ್ವರ. ಐಲಾ ರೇಡಿಯೋವನ್ನು ಅಲ್ಲಿಗೆ ತಿರುಗಿಸಿ ಹೆಡ್‌ಫೋನ್ ಹಾಕಿಕೊಂಡಳು. ಟಿಕ್ ಯಾವುದೂ ಇಲ್ಲ, ಅವಳ ಕಿವಿಯಲ್ಲಿ ಸದಾ ಇರುವ, ಜೊಂಪು ಹಿಡಿಸುವ ಭೋರ್ ಶಬ್ದವೊಂದೇ. ಅವಳ ಕಣ್ಣು ತುಂಬಿತು. ಹೆಡ್‌ಫೋನ್ ತೆಗೆದು ಡೆಲ್‌ನ ಮುಂದೆ ಹಿಡಿದಳು.

"ನಿನ್ನ ಕಿವಿ ಕೊಡೋ. ಈ ಪೆಟ್ಟಿಗೆಗಲ್ಲ, ನನಗೆ."

ಡೆಲ್ ಅವಳ ಬೆನ್ನ ಹಿಂದೆ ನಿಂತು ಹೆಡ್‌ಫೋನ್ ಹಾಕಿಕೊಂಡ. ಐಲಾ ಲ್ಯಾಪ್‌ಟಾಪಿನ ಗಡಿಯಾರದಲ್ಲಿ ಮುಂದಿನ ನಿಮಿಷವನ್ನು ಬರೆದಿಟ್ಟು ಅದನ್ನು ಹೊರಡಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಅವನ ಬೆರಳು ಅವಳ ಹೆಗಲ ಮೇಲೆ ಬಡಿಯತೊಡಗಿತು. ಟಿಕ್, ಟಿಕ್, ಟಿಕ್. ಎಷ್ಟು ಸಮ, ಎಷ್ಟು ಹದ! ಮೋರ್ಸ್ ಕುಟ್ಟಿ ಪಳಗಿದ ಬೆರಳಲ್ಲವೇ? ನಿಮಿಷದ ಕೊನೆಯ ಟಿಕ್ಕನ್ನು ಆ ಕೇಂದ್ರ ಬೇಕೆಂದೇ ನುಂಗಿಬಿಡುತ್ತದೆ. ಹೆಗಲ ಮೇಲೆ ಬೆರಳು ನಿಂತಿತು. ಐಲಾ ಉಸಿರು ಹಿಡಿದಳು. ಮರುಕ್ಷಣ ಡೆಲ್‌ನ ಇಡೀ ಅಂಗೈ ಹೆಗಲಿಗೆ ಒತ್ತಿತು, ಅವಳ ಬೆರಳು ಗುಂಡಿಯನ್ನು ಒತ್ತಿತು.

ರೇಡಿಯೋವನ್ನು ವಾಪಸು ತಿರುಗಿಸಿ ಕಾಲು ನಿಮಿಷ ಕಾದರು. ಚೌಕ ತುಂಬಿ ಹರಿಯಿತು! ಬ್ರೆಜಿಲ್, ಜಪಾನ್, ಫಿನ್ಲೆಂಡ್, ಎಲ್ಲರೂ ಆ ದ್ವೀಪವನ್ನೇ ಕೂಗುತ್ತಿದ್ದರು. ಅವರೆಲ್ಲರ ನಡುವೆ ಬಡಕಲಾಗಿ, ಒಂದೇ ಒಂದು ಸಾಲು, ದ್ವೀಪದ್ದು. ಐಲಾ ರೇಡಿಯೋದಲ್ಲಿ ತನ್ನ ಗುರುತಾದ ಕರೆಹೆಸರನ್ನು ಕಳಿಸಿದಳು. ಅವರು ಇಟಲಿಯವನಿಗೆ ಉತ್ತರಿಸಿದರು. ಮತ್ತೆ ಕಳಿಸಿದಳು, ಉತ್ತರ ಚಿಲಿಗೆ ಹೋಯಿತು. ಮತ್ತೆ ಕಳಿಸಿದಳು, ಮತ್ತೆ ಕಳಿಸಿದಳು. ಕಿಟಕಿ ಕೆಂಪಾಗಿ, ಆಮೇಲೆ ಬೂದುಬಣ್ಣಕ್ಕೆ ತಿರುಗುತ್ತ ಬಂತು.

ಡೆಲ್ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದ. ಆಮೇಲೆ ಐಲಾಗೆ ತುಟಿ ಕಾಣುವ ಹಾಗೆ ಬಗ್ಗಿ, ಅಲ್ಲಿ ದ್ವೀಪವೂ ಇಲ್ಲ ಗೀಪವೂ ಇಲ್ಲ, ತನಗೇ ಏನೂ ಕೇಳುತ್ತಿಲ್ಲ, ಬರೀ ಭೋರ್ ಅಂತಿದೆ ಅಂದ.

"ನನಗೆ ದಿನಾ ಹಂಗೇ ಕೇಳ್ಸೋದು," ಅಂದಳು ಐಲಾ. "ಕಣ್ಣು ಬಿಡು."

ಅವನು ಕಣ್ಣು ಬಿಟ್ಟ. ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿತ್ತು: ಐಲಾಳ ಕರೆಹೆಸರು, ಅದರ ಪಕ್ಕದಲ್ಲಿ ದ್ವೀಪದ್ದು. ಐಲಾ ಸಿಕ್ಕಿತೆಂದು ಉತ್ತರ ಕಳಿಸಿದಳು. ದ್ವೀಪದಿಂದ ಕೊನೆಯ ಸಾಲು ಬಂತು, ಎಲ್ಲ ಹ್ಯಾಮ್‌ಗಳೂ ಬೀಳ್ಕೊಡುವಾಗ ಶುಭ ಹಾರೈಸಿ ಕಳಿಸುವ ಆ ಎಪ್ಪತ್ಮೂರರೊಂದಿಗೆ. ಆಮೇಲೆ ಗೆರೆಗಳು ತೆಳುವಾಗಿ, ದಾರಿ ಮುಚ್ಚಿಹೋಯಿತು.

ಐಲಾ ಪರದೆಯನ್ನೇ ನೋಡುತ್ತ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಬೆನ್ನ ಹಿಂದೆ ಡೆಲ್ ಏನಾದರೂ ಹೇಳಿದನೋ ಅವಳಿಗೆ ಗೊತ್ತಾಗಲಿಲ್ಲ. ಹೆಗಲ ಮೇಲೆ ಅವನ ಬೆರಳು ಮತ್ತೆ ಬಂತು. ಎರಡು ಉದ್ದ, ಮೂರು ಗಿಡ್ಡ. ಬಿಡುವು. ಮೂರು ಗಿಡ್ಡ, ಎರಡು ಉದ್ದ. ಎಪ್ಪತ್ಮೂರು. ಕಿವಿ ಹೋದಂದಿನಿಂದ ಯಾರೂ ಅವಳಿಗೆ ಮೋರ್ಸ್‌ನಲ್ಲಿ ಒಂದಕ್ಷರ ಕಳಿಸಿರಲಿಲ್ಲ.

ಐಲಾ ಮೂಗೊರೆಸಿಕೊಂಡು ತಿರುಗಿದಳು.

"ಇಷ್ಟು ನಿಧಾನಕ್ಕಾ? ಹೋಗಿರೋದು ನನ್ನ ಕಿವಿ ಕಣೋ, ಬುದ್ಧಿಯಲ್ಲ. ಬೇಗ ಬೇಗ ಹೊಡಿ."